ಮೇಲಿನ ಸಾಲು

ಹೆಡ್‌ಮಾಸ್ತರು ಹಾಳೆಯನ್ನು ಒಮ್ಮೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು, ಸಾಲದೆಂದು ತಿರುಗಿಸಿಯೂ ನೋಡಿದರು. ಅವರು ಹೇಳಿ ಬರೆಸಿದ್ದು ಐದೇ ಸಾಲು: ಹಕ್ಕಿ ಗೂಡು ಕಟ್ಟಿತು, ಮೊಟ್ಟೆ ಇಟ್ಟಿತು, ಮರಿ ಹೊರಗೆ ಬಂತು, ಮರಿಗೆ ರೆಕ್ಕೆ ಬಲಿಯಿತು, ಮರಿ ಹಾರಿಹೋಯಿತು. ಒಂಬತ್ತು ವರ್ಷದ ಆ ಹುಡುಗಿಯ ಹಾಳೆಯಲ್ಲಿ ಮರಿ ಮೊದಲ ಸಾಲಿನಲ್ಲೇ ಹಾರಿಹೋಗಿತ್ತು. ಗೂಡು ಕಟ್ಟುವ ಕೆಲಸ ಹಾಳೆಯ ತಳದಲ್ಲಿ ಉಳಿದುಕೊಂಡಿತ್ತು.

"ಹಾರಿಹೋದ ಮೇಲೆ ಮೊಟ್ಟೆ ಒಡೀತಾ ನಿಮ್ಮ ಹಕ್ಕಿ?" ಎಂದು ಹುಡುಗಿಯನ್ನು ಕರೆತಂದವಳನ್ನು ಕೇಳಿದರು.

ಅವರೇನು ಕೆಟ್ಟ ಮನುಷ್ಯರಲ್ಲ. ಮೂರನೇ ತರಗತಿಯಲ್ಲಿ ಉಳಿದಿದ್ದದ್ದು ಒಂದೇ ಜಾಗ, ಅದಕ್ಕೆ ಕಾದಿದ್ದವರು ಆರು ಜನ. ಈ ಮಗುವಿನ ತಲೆ ಇನ್ನೂ ಓದಿಗೆ ಹದವಾಗಿಲ್ಲ, ಮುಂದಿನ ವರ್ಷ ನೋಡೋಣ ಎಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ಮುಂದಿನ ವರ್ಷ! ಹೇಳುವವರಿಗೆ ಎಷ್ಟು ಸಲೀಸು. ಹೊರಗೆ ವರಾಂಡದ ಬೆಂಚಿನ ಮೇಲೆ ಹುಡುಗಿಯ ಚಿಕ್ಕಪ್ಪ ಕೂತಿದ್ದ. ಶಾಲೆಯವರು ಇವತ್ತು ಸೇರಿಸಿಕೊಂಡರೆ ಓದಲಿ, ಇಲ್ಲವಾದರೆ ಸಂಜೆಗೆ ನನ್ನ ಜೊತೆ ಬರಲಿ ಎಂದು ಕಡ್ಡಿ ಮುರಿದಂತೆ ಹೇಳಿಯೇ ಬಂದಿದ್ದ. ಅವನ ಮನೆಯಿಂದ ರತ್ನಗಂಬಳಿ ನೇಯುವ ಶೆಡ್ಡಿಗೆ ನಾಲ್ಕೇ ಹೆಜ್ಜೆ. ಅಲ್ಲಿ ಸಣ್ಣ ಬೆರಳಿನವರಿಗೆ ಯಾವತ್ತೂ ಜಾಗ ಇರುತ್ತದೆ.

ಹುಡುಗಿಯ ಪಕ್ಕದ ಕುರ್ಚಿಯಲ್ಲಿದ್ದವಳು ಬೀಗದಕ್ಕ. ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು, ಯಾರೂ ಕರೆಯುತ್ತಿರಲಿಲ್ಲ ಅಷ್ಟೆ. ಮಕ್ಕಳನ್ನು ಒಳಗೆ ಕೂಡಿ ಬೀಗ ಜಡಿದ ಶೆಡ್ಡುಗಳ ಮುಂದೆ ಕೂತು ಬೀಗ ತೆಗೆಸುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ತೆಗೆಸಿದ ಮೇಲೆ ಕೈ ತೊಳೆದುಕೊಳ್ಳುವವಳೂ ಅಲ್ಲ. ತನ್ನ ಎರಡು ಕೋಣೆಯ ಮನೆಯಲ್ಲೇ ಅಕ್ಷರ ತೀಡಿಸಿ, ಜಡೆ ಹಾಕಿ, ಶಾಲೆಯ ಬಾಗಿಲವರೆಗೂ ತಾನೇ ಕರೆದುಕೊಂಡು ಬರುತ್ತಾಳೆ. ಈ ಹುಡುಗಿಯನ್ನು ಬಿಡಿಸಲು ಹೋದ ದಿನ ಮಾಲೀಕ ಅಡ್ಡ ನಿಂತು, ಒಳಗೆ ನರಪಿಳ್ಳೆಯೂ ಇಲ್ಲ, ಬರೀ ಉಣ್ಣೆಯ ಮೂಟೆ ಎಂದಿದ್ದ.

"ನಿಮ್ಮ ಉಣ್ಣೆ ಕೆಮ್ಮುತ್ತಾ ಅಣ್ಣಾ?" ಎಂದು ಕೇಳಿದ ಬೀಗದಕ್ಕ, ಖಾಲಿ ಪಾಟಿಚೀಲ ಮಡಿಲಲ್ಲಿಟ್ಟುಕೊಂಡು ಎರಡು ದಿನ ಆ ಹೊಸ್ತಿಲ ಮೇಲೆಯೇ ಕೂತಳು. ಮೂರನೇ ದಿನ ಅಧಿಕಾರಿಗಳು ಬಂದರು, ಬಾಗಿಲು ತೆರೆಯಿತು, ಹನ್ನೊಂದು ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ಬಂದರು. ಅಂಥ ಗಟ್ಟಿಗಿತ್ತಿ ಈಗ ಮೇಜಿನ ಮೇಲಿನ ಒಂದು ಹಾಳೆಯನ್ನೇ ನೋಡುತ್ತ ಕೂತಿದ್ದಳು. ಆರು ತಿಂಗಳು ಕಲಿಸುವಾಗ ಇದು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲವೇ ಎಂದು ಹೆಡ್‌ಮಾಸ್ತರು ಕೇಳಿದರು.

"ಅಕ್ಷರ ನೋಡ್ದೆ ಸಾರ್, ಲೆಕ್ಕ ನೋಡ್ದೆ. ಸಾಲು ಯಾವ ಕಡೆಯಿಂದ ಶುರುವಾಗುತ್ತೆ ಅಂತ ನೋಡ್ಲೇ ಇಲ್ಲ. ತಪ್ಪು ನಂದು, ಅವಳ್ದಲ್ಲ."

ಹೆಡ್‌ಮಾಸ್ತರಿಗೆ ಏನನ್ನಿಸಿತೋ, ಹಾಳೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, ಹೀಗೇಕೆ ಬರೆದೆ ಎಂದು ಹುಡುಗಿಯನ್ನೇ ಕೇಳಿದರು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗಿ, ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ ಅವರ ಮುಖ ನೋಡಿದಳು.

"ಮೇಲಿಂದ ಶುರು ಮಾಡಿದ್ರೆ ನಿಲ್ಲಲ್ಲ ಸಾರ್. ಕೆಳಗಿನ ಸಾಲು ಗಂಟು ಹಾಕಿ, ಬಡಿದು ಗಟ್ಟಿ ಮಾಡ್ಬೇಕು. ಆಮೇಲೆ ಅದರ ಮೇಲಿಂದು. ಇಲ್ಲಾಂದ್ರೆ ಮೇಸ್ತ್ರಿ ಪೂರ್ತಿ ಬಿಚ್ಚಿಸ್ತಾರೆ."

ಮಗ್ಗದಲ್ಲಿ ರತ್ನಗಂಬಳಿ ಬೆಳೆಯುವುದೇ ಬುಡದಿಂದ ಮೇಲಕ್ಕೆ. ನಾಲ್ಕು ವರ್ಷ ಗಂಟು ಹಾಕಿದ ಕೈ ಹಾಳೆಯ ಮೇಲೂ ಅದೇ ದಾರಿ ಹಿಡಿದಿತ್ತು. ಹೆಡ್‌ಮಾಸ್ತರು ತಳದಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಬಂದರು. ಹಕ್ಕಿ ಸರಿಯಾಗಿಯೇ ಗೂಡು ಕಟ್ಟಿತ್ತು, ಮರಿ ಸರಿಯಾಗಿಯೇ ಹಾರಿತ್ತು, ಒಂದು ತಪ್ಪಿಲ್ಲ. ಅವರಿಗೆ ನಾಚಿಕೆಯಾಯಿತು, ಮುಚ್ಚಿಕೊಳ್ಳಲೂ ಹೋಗಲಿಲ್ಲ.

"ಇಲ್ಲಿ ಯಾರೂ ಬಿಚ್ಚಲ್ಲ ಪುಟ್ಟಿ," ಎಂದರು. "ಹೋಗು, ಕಾಯೋದು ಬೇಡ ಅಂತ ನಿಮ್ಮ ಚಿಕ್ಕಪ್ಪಂಗೆ ಹೇಳಿ ಬಾ."

ಹುಡುಗಿ ಓಡಿದಳು. ಹೆಡ್‌ಮಾಸ್ತರು ಡ್ರಾಯರಿನಿಂದ ಪ್ರವೇಶದ ಅರ್ಜಿ ತೆಗೆದು ಬೀಗದಕ್ಕನ ಮುಂದಿಟ್ಟರು. ಬೀಗದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಪೆನ್ನು ಹಿಡಿದಳು. ಅವಳ ತೋರುಬೆರಳಿನ ತುದಿ ಸೊಟ್ಟಗಿತ್ತು. ಯಾವುದೋ ಮಾಲೀಕ ಬಾಗಿಲು ಹಾಕಿದಾಗ ಸಂದಿಗೆ ಸಿಕ್ಕಿದ್ದು ಎಂದು ಊರೆಲ್ಲ ನಂಬಿತ್ತು, ಹೆಡ್‌ಮಾಸ್ತರೂ ನಂಬಿದ್ದರು.

ಅವಳು ಮೊದಲು ಅರ್ಜಿಯ ತಳದಲ್ಲಿ ರುಜು ಹಾಕಿದಳು. ಅದರ ಮೇಲಿನ ಸಾಲಿನಲ್ಲಿ ತಾರೀಖು ಬರೆದಳು, ಅದರ ಮೇಲೆ ವಿಳಾಸ, ಅದರ ಮೇಲೆ ವಯಸ್ಸು. ಒಂದೊಂದು ಸಾಲು ಮುಗಿದಾಗಲೂ, ತನಗೇ ಗೊತ್ತಿಲ್ಲದೆ, ಅಂಗೈ ಅಂಚಿನಿಂದ ಅದನ್ನು ಕೆಳಕ್ಕೆ ಮೆಲ್ಲಗೆ ಬಡಿಯುತ್ತಿದ್ದಳು. ಹೆಡ್‌ಮಾಸ್ತರು ಆ ಬೆರಳನ್ನೇ ನೋಡುತ್ತ ಕೂತರು. ಎಲ್ಲಕ್ಕಿಂತ ಮೇಲಿನ ಸಾಲು ಖಾಲಿ ಇತ್ತು. ಬೀಗದಕ್ಕ ಅಲ್ಲಿಗೆ ಕೊನೆಯಲ್ಲಿ ಬಂದಳು, ಹುಡುಗಿಯ ಹೆಸರು ಬರೆದಳು, ಒಮ್ಮೆ ಗಟ್ಟಿಯಾಗಿ ಬಡಿದಳು.