ಒಯ್ಯದೆ ಉಳಿದ ಕೋಟು

“ಆ ವಾರ ನಾನು ಆ ಊರಿಗೆ ಕಾಲೇ ಇಟ್ಟಿಲ್ಲ ಅಂತಾನೆ ಕರ್ನಲ್ಲು,” ಎಂದಳು ವಕೀಲೆ. ಹಲವು ದೇಶಗಳು ಸೇರಿ ನಡೆಸುವ ದೂರದ ನ್ಯಾಯಾಲಯದಿಂದ ಬಂದಿದ್ದಳು. “ಇಲ್ಲಿದ್ದ ಅನ್ನೋದಕ್ಕೆ ಒಂದು ಪುರಾವೆ ಸಿಗದಿದ್ರೆ ಮುಂದಿನ ತಿಂಗಳು ಬಿಟ್ಟುಬಿಡ್ತಾರೆ.”

ಟೈಲರ್ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ನಿಲ್ಲಿಸಿದ. ಆ ವಾರ ಕರ್ನಲ್ಲನ ಸೈನಿಕರು ಈ ಬೀದಿಯಿಂದ ಮೂವತ್ತೊಂದು ಜನರನ್ನು ಲಾರಿ ಹತ್ತಿಸಿದ್ದರು. ಅವರಲ್ಲಿ ಟೈಲರನ ತಮ್ಮನೂ ಒಬ್ಬ. ಯಾರೂ ಹಿಂದಿರುಗಲಿಲ್ಲ.

“ಹನ್ನೊಂದು ವರ್ಷ ಆದ್ಮೇಲೆ ಬಂದ್ಯಾ ತಾಯಿ?” ಗುಂಡಿ ಹಚ್ಚುತ್ತಿದ್ದ ಹೆಂಡತಿ ಬಾಯಿ ಹಾಕಿದಳು. “ನಿಮ್ಮ ಕೋರ್ಟೂ ನಮ್ಮ ಮನೆಯವರ ಥರಾನೇ. ಹೇಳಿದ ದಿನಕ್ಕೆ ಕೊಟ್ಟಿದ್ದುಂಟಾ?”

“ತಡ ಆಯ್ತಮ್ಮ. ಆದ್ರೆ ಈ ಸಲ ಆಸಾಮಿ ಕೈಗೆ ಸಿಕ್ಕಿದ್ದಾನೆ.”

ಟೈಲರ್ ಎದ್ದು ಬೀರು ತೆಗೆದ. ಗಿರಾಕಿ ಒಯ್ಯದ ಬಟ್ಟೆಯನ್ನು ಆತ ಮಾರಿದವನಲ್ಲ, ಇನ್ನೊಬ್ಬರಿಗೆ ಕೊಟ್ಟವನಲ್ಲ. “ಕೇಳಿಕೊಂಡು ಬಂದ್ರೆ?” ಎನ್ನುವನು. ಅದಕ್ಕಾಗಿ ಹೆಂಡತಿಯಿಂದ ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಮದುವೆ ಮುರಿದ ಯಾವನೋ ವರನ ಸೂಟಿನ ಹಿಂದಿನಿಂದ ಒಂದು ಬೂದು ಕೋಟು ಹೊರಬಂತು. ಕಾಲರಿಗೆ ಚುಚ್ಚಿದ ಚೀಟಿಯಲ್ಲಿ ಅಳತೆ, ಆ ವಾರದ ಬುಧವಾರದ ತಾರೀಖು, ಕೆಳಗೆ ಕರ್ನಲ್ಲನ ರುಜು. ಆಮೇಲೆ ತಕರಾರು ಬೇಡವೆಂದು ಅಳತೆಗೆ ರುಜು ಹಾಕಿಸಿಕೊಳ್ಳುವುದು ಅಂಗಡಿಯ ಪದ್ಧತಿ.

“ಇಲ್ಲೇ ನಿಂತು ಅಳತೆ ಕೊಟ್ಟ. ಎಡ ಭುಜ ಒಂದಿಂಚು ಇಳಿಜಾರು, ಅದಕ್ಕೆ ಒಳಗೆ ಹತ್ತಿ ತುಂಬಿದೆ. ಶುಕ್ರವಾರ ತಮ್ಮನನ್ನ ಒಯ್ದರು. ಶನಿವಾರ ಕೂತು ಕೋಟು ಮುಗಿಸಿದೆ. ಒಯ್ಯೋಕೆ ಬಂದಾಗ ತಮ್ಮ ಎಲ್ಲಿ ಅಂತ ಕೇಳೋಣ ಅಂತ.” ಟೈಲರ್ ತೋಳಿನ ಧೂಳು ಕೊಡವಿದ. “ಭಾನುವಾರ ಅವನ ಪಡೆನೇ ಊರು ಬಿಟ್ಟಿತು.”

ವಕೀಲೆ ಚೀಟಿಯ ರುಜುವನ್ನು ಬಗ್ಗಿ ನೋಡಿದಳು. “ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಕೇಳೋಕೆ ಯಾರು ಬಂದಿದ್ರು?”

“ಅವನ ಕಡೆಯವರು ಇನ್ನೂ ಇದ್ದಾರೆ. ಬೇಕಾದ್ರೆ ಇಲ್ಲಿಂದಲೇ, ಮುಖ ಮರೆಸಿ ಸಾಕ್ಷಿ ಹೇಳಬಹುದು.”

ಟೈಲರ್ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಇಸ್ತ್ರಿಪೆಟ್ಟಿಗೆ ಕಾಯಲಿಟ್ಟಿದ್ದಳು.

“ಬೇಡ, ನಾನೇ ಬರ್ತೀನಿ,” ಎಂದು ಸೂಜಿ, ದಾರ, ಟೇಪನ್ನು ಚೀಲಕ್ಕೆ ಹಾಕಿಕೊಂಡ. “ಕರ್ನಲ್ಲು ಈಗ ದಪ್ಪ ಆಗಿ, ಕೋಟು ಹಿಡಿಸಲ್ಲ, ಇದು ನಂದಲ್ಲ ಅಂತ ಅಂದುಬಿಟ್ರೆ? ಹೊಲಿಗೆ ಒಳಗೆ ಎರಡಿಂಚು ಬಟ್ಟೆ ಬಿಟ್ಟಿದೀನಿ. ಜಡ್ಜ್ ಎದುರೇ ಬಿಚ್ಚಿ ಸರಿ ಮಾಡಿಕೊಡ್ತೀನಿ.”