ದೊರೆಸಾನಿಗೆ ಉಪ್ಪು ಬೇಕು

"ನಾಯಿ ಎಲ್ಲಿ?"

ಸಹಾಯಕಿ ರಿಜಿಸ್ಟರಿನಿಂದ ತಲೆ ಎತ್ತದೆಯೇ ಕೇಳಿದಳು. ಇಸ್ತ್ರಿ ಅಂಗಡಿಯ ಹುಡುಗಿ ಕೈಚೀಲವನ್ನು ಎದೆಗೆ ಅವಚಿಕೊಂಡಳು. ಈ ಪ್ರಶ್ನೆಗೆ ದಾರಿಯುದ್ದಕ್ಕೂ ಉತ್ತರ ಹೊಸೆದುಕೊಂಡು ಬಂದಿದ್ದಳು.

"ಮನೇಲಿದೆ. ಡಾಕ್ಟರ್ ಅಂದ್ರೆ ಸಾಕು, ಮೈಮೇಲೆ ಬೀಳುತ್ತೆ."

"ಹೆಸರು?"

"ದೊರೆಸಾನಿ."

ಸಹಾಯಕಿ ಬರೆದುಕೊಂಡಳು. ನಗಲಿಲ್ಲ. "ಕೂತ್ಕೊಳ್ಳಿ."

ಪಶುವೈದ್ಯರ ಕಾಯುವ ಕೋಣೆಯಲ್ಲಿ ಆರು ಜನರಿದ್ದರು. ಮುದುಕರೊಬ್ಬರು ನಾಯಿಯ ಬೆಲ್ಟನ್ನು ಮುಂಗೈಗೆ ಸುತ್ತಿಕೊಂಡು ಕೆಮ್ಮುತ್ತಿದ್ದರು. ಮೂಲೆಯ ಹೆಂಗಸು ಪಕ್ಕದಲ್ಲಿ ಮುಚ್ಚಳದ ಬುಟ್ಟಿ ಇಟ್ಟುಕೊಂಡು ಮಂಡಿ ನೀವಿಕೊಳ್ಳುತ್ತಿದ್ದಳು. ಎಲ್ಲರೂ ನಾಯಿಯಿಲ್ಲದ ತನ್ನ ಕೈಯನ್ನೇ ನೋಡುತ್ತಿದ್ದಾರೆ ಎಂದು ಹುಡುಗಿಗೆ ಅನಿಸಿತು. ಸುತ್ತಲಿನದನ್ನೆಲ್ಲ ಸುಮ್ಮನೆ ಗಮನಿಸುವುದು ಅವಳ ಅಭ್ಯಾಸ. ಇವತ್ತು ತಲೆ ಎತ್ತುವ ಧೈರ್ಯವಾಗಲಿಲ್ಲ.

ಮೂರು ವರ್ಷದಲ್ಲಿ ಐದು ಡಾಕ್ಟರು ನೋಡಿದ್ದರು. ಐವರೂ ಏನೂ ಇಲ್ಲ ಎಂದಿದ್ದರು. ದೊರೆಸಾನಿ ಮಾತ್ರ ದಿನೇ ದಿನೇ ಕರಗುತ್ತಿದ್ದಳು. ಇವರೂ ಏನೂ ಇಲ್ಲ ಎಂದರೆ ತಟ್ಟಲು ಇನ್ನೊಂದು ಬಾಗಿಲಿರಲಿಲ್ಲ.

ಅಂಗಡಿ ಯಜಮಾನಿಯ ಬೆಕ್ಕು ಊಟ ಬಿಟ್ಟಾಗ ಅದನ್ನು ಹೊತ್ತು ಇಲ್ಲಿಗೆ ಬಂದವಳು ಇವಳೇ. ಅವತ್ತು ಬೆಳಿಗ್ಗೆ ಈ ಕೋಣೆಯ ತುಂಬ ಬೊಗಳಾಟ, ಕಿತ್ತಾಟ. ಅಷ್ಟರ ನಡುವೆಯೂ ಡಾಕ್ಟರು ಅರ್ಧ ಗಂಟೆ ಪ್ರಶ್ನೆ ಕೇಳಿದ್ದರು. ಎಲ್ಲಿ ಮಲಗುತ್ತೆ, ಯಾವ ಮಗ್ಗುಲಿಗೆ ಮಲಗುತ್ತೆ, ನೀರು ಎಷ್ಟು ಸಲ ಕುಡಿಯುತ್ತೆ. ಒಂದು ಬೆಕ್ಕಿಗೆ! ಈ ಸಂಜೆ ಮಾತ್ರ, ಆ ಕೆಮ್ಮೊಂದು ಬಿಟ್ಟರೆ, ಹಲ್ಲಿ ಲೊಚಗುಟ್ಟಿದರೂ ಕೇಳುವಷ್ಟು ಮೌನ.

"ದೊರೆಸಾನಿ!" ಸಹಾಯಕಿ ಕೂಗಿದಳು.

ಒಳಗೆ ಡಾಕ್ಟರು ಕನ್ನಡಕ ಏರಿಸಿದರು. "ಎಷ್ಟು ವಯಸ್ಸು?"

ಹುಡುಗಿ ಬೆರಳು ಮಡಚಿ ಭಾಗಾಕಾರ ಮಾಡಿದಳು. "ಏಳು."

"ತೂಕ?"

"ಮೊದಲು ಐವತ್ತೆಂಟು. ಈಗ ನಲವತ್ತಾರು."

ಪೆನ್ನು ನಿಂತಿತು. "ನಾಯಿ ಸಾಕಿದ್ದೀರೋ, ಕರು ಸಾಕಿದ್ದೀರೋ?"

"ದೊಡ್ಡ ಜಾತಿ ಸಾರ್."

"ಸರಿ. ಮೊದಲಿಂದ ಹೇಳಮ್ಮ."

ಹುಡುಗಿ ಚೀಲದಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದಳು. ಮೂರು ವರ್ಷದ ಒಂದೊಂದು ದಿನವೂ ಸಣ್ಣ ಅಕ್ಷರದಲ್ಲಿ ತುಂಬಿತ್ತು. "ಸುಸ್ತು. ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಡುತ್ತೆ. ತಿಂದದ್ದು ನಿಲ್ಲಲ್ಲ. ಎದ್ದು ನಿಂತ್ರೆ ತಲೆ ಸುತ್ತು... ಅಂದ್ರೆ, ತೂರಾಡುತ್ತೆ."

"ಬೊಗಳುತ್ತಾ?"

"ಮೊದಲು ಬೀದಿ ಕೊನೆವರೆಗೂ ಕೇಳಿಸ್ತಿತ್ತು. ಈಗ ಪಕ್ಕದ ಕೋಣೆಗೂ ಕೇಳಲ್ಲ." ಹುಡುಗಿ ಹಾಳೆಯ ಮಡಿಕೆ ನೀವಿದಳು. "ಅದೇ ಭಯ ಸಾರ್."

"ತಿನ್ನೋದ್ರಲ್ಲಿ ಏನಾದ್ರೂ ವಿಚಿತ್ರ?"

"ಉಪ್ಪು. ಡಬ್ಬಿಗೇ ಕೈ ಹಾಕಿ..." ನಾಲಿಗೆ ಕಚ್ಚಿಕೊಂಡಳು. "ಬಾಯಿ ಹಾಕಿ ನೆಕ್ಕುತ್ತೆ."

ಡಾಕ್ಟರು ಮುಂದಕ್ಕೆ ಬಾಗಿದರು. "ಡ್ರಿಪ್ ಹಾಕಿದ್ರಾ?"

"ಎರಡು ಸಲ. ಹಾಕಿದ ದಿನ ಎದ್ದು ಮನೆಮಂದೀನೆಲ್ಲ ಅಟ್ಟಾಡಿಸ್ತು. ನಾಲ್ಕನೇ ದಿನಕ್ಕೆ ಮತ್ತೆ ಹಾಸಿಗೆ."

"ಮೈ ಬಣ್ಣ?"

"ಬಿಸಿಲಿಗೇ ಹೋಗಲ್ಲ, ಆದ್ರೂ ಕಪ್ಪಾಗ್ತಿದೆ. ವಸಡು, ಅಂಗೈ ಗೆರೆ... ಅಲ್ಲ, ಪಂಜದ ಗೆರೆ."

"ಇದನ್ನೆಲ್ಲ ಆ ಐದು ಜನಕ್ಕೂ ಹೇಳಿದ್ರಾ? ರಿಜಿಸ್ಟರಲ್ಲಿ ಐದು ಡಾಕ್ಟರು ನೋಡಿದಾರೆ ಅಂತಿದೆ."

"ಹೇಳೋಕೆ ಎಲ್ಲಿ ಬಿಟ್ರು? ಒಬ್ಬರು ವಯಸ್ಸು ಅಂದ್ರು. ಒಬ್ಬರು ಟೆನ್ಷನ್ ಅಂದ್ರು. ಇನ್ನೊಬ್ಬರು, ಗಂಡನ ಜೊತೆ ಎಲ್ಲಾದ್ರೂ ಸುತ್ತಾಡಿಕೊಂಡು ಬನ್ನಿ ಅಂದ್ರು."

"ನಾಯಿಗೆ?" ಎಂದರು ಡಾಕ್ಟರು.

ಹುಡುಗಿ ಕಾಲಬೆರಳಿನಿಂದ ನೆಲ ಕೆರೆದಳು. "ನಾಯಿ ಅಲ್ಲ ಸಾರ್. ನಮ್ಮಮ್ಮ. ದೊರೆಸಾನಿ ಅಂತ ಬೀದಿಯವರು ಕರೆಯೋದು." ಇನ್ನು ಬೈಗುಳವೇ ಎಂದುಕೊಂಡು ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಬೆಕ್ಕಿಗೆ ಮಾತು ಬರಲ್ಲ ಅಂತ ನೀವು ಅಷ್ಟೊಂದು ಕೇಳಿದ್ರಿ. ನಮ್ಮಮ್ಮನಿಗೆ ಮಾತು ಬರುತ್ತೆ. ಅದಕ್ಕೇ ಯಾರೂ ಏನೂ ಕೇಳಲ್ಲ."

ಡಾಕ್ಟರು ಬೈಯಲಿಲ್ಲ. ಹುಬ್ಬು ಕೂಡ ಏರಿಸಲಿಲ್ಲ. ಮೇಜಿನ ಕೆಳಖಾನೆಯಿಂದ ಬೇರೊಂದು ಕಾಗದದ ಕಟ್ಟು ತೆಗೆದರು. ಅದು ಆಗಲೇ ಅರ್ಧ ಖಾಲಿಯಾಗಿತ್ತು.

"ನಿಮಗೆ ಕೋಪ ಬರಲಿಲ್ವಾ ಸಾರ್?"

"ನಲವತ್ತಾರು ಕೆಜಿ ಅಂದಾಗಲೇ ಗೊತ್ತಾಯ್ತು, ಬಿಡಮ್ಮ." ಅವರು ಬರೆಯತೊಡಗಿದರು. "ಮನುಷ್ಯರಿಗೆ ನಾನು ಔಷಧಿ ಕೊಡೋ ಹಾಗಿಲ್ಲ. ಕಾಗದ ಬರೀಬಹುದು. ಮೂತ್ರಪಿಂಡದ ಮೇಲೆ ಎರಡು ಪುಟ್ಟ ಗ್ರಂಥಿ ಇರ್ತವೆ. ಅವು ಕೈಕೊಟ್ರೆ ನಾಯೀಲೂ ಇದೇ ಸುಸ್ತು, ಇದೇ ವಾಂತಿ. ಡ್ರಿಪ್ ಹಾಕಿದ್ರೆ ಜಿಗಿದಾಟ. ಇದೇ ಅಂತ ನಾನು ಹೇಳಲ್ಲ, ಪರೀಕ್ಷೆ ಹೇಳ್ಬೇಕು. ನಾಳೆ ಬೆಳಿಗ್ಗೆ ಎಂಟಕ್ಕೇ ದೊಡ್ಡಾಸ್ಪತ್ರೇಲಿ ಹಾರ್ಮೋನ್ ಡಾಕ್ಟರನ್ನ ನೋಡಿ. ಈ ರಕ್ತಪರೀಕ್ಷೆ ಬರೆದುಕೊಡೋ ತನಕ ಕುರ್ಚಿ ಬಿಟ್ಟು ಏಳಬೇಡಿ. ರಾತ್ರಿ ಅಮ್ಮ ಎಚ್ಚರ ತಪ್ಪಿದ್ರೆ ಬೆಳಗಾಗೋವರೆಗೂ ಕಾಯಬೇಡಿ, ಆಗಲೇ ಕರ್ಕೊಂಡು ಹೋಗಿ."

"ಅಲ್ಲೂ ಕೇಳದಿದ್ರೆ?"

"ಈ ಕ್ಯಾಲೆಂಡರ್ ಹಾಳೆಗಳನ್ನ ಮೇಜಿನ ಮೇಲೆ ಹರಡಿಬಿಡಿ. ಆಮೇಲೆ ಅಮ್ಮನಿಗೆ ಹೇಳಿ, ಬೊಗಳೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ ಅಂತ."

ಹುಡುಗಿ ಕಾಗದವನ್ನು ಇಸ್ತ್ರಿ ಮಾಡಿದ ಬಟ್ಟೆಯಂತೆ ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟಳು. ಹೊರಗೆ ಬಂದಾಗ ಎದೆ ಹಗುರಾಗಿತ್ತು, ಮುಖ ಮಾತ್ರ ಇನ್ನೂ ಬಿಸಿ. ಇಡೀ ಊರಿನಲ್ಲಿ ಇಂಥ ಸುಳ್ಳು ಹೇಳಿದವಳು ತಾನೊಬ್ಬಳೇ ಇರಬೇಕು.

ಆಗಲೇ ಬೀದಿ ಬಾಗಿಲು ತೆರೆದು ಒಬ್ಬಾತ ಕಂದು ಬಣ್ಣದ ನಾಯಿಯೊಂದನ್ನು ಎಳೆದುಕೊಂಡು ಒಳಗೆ ಬಂದ. ನಾಯಿ ಒಂದೇ ಸಲ ಬೊಗಳಿತು. ಬೆಲ್ಟಿನ ಮುದುಕರು ಕೆಮ್ಮುತ್ತಲೇ ಕುರ್ಚಿ ಹತ್ತಿ ನಿಂತರು. ಮಂಡಿಯ ಹೆಂಗಸು ಚೀರಿದಳು. ಅವಳ ಬುಟ್ಟಿ ಉರುಳಿ ಮುಚ್ಚಳ ಕಳಚಿ, ಒಳಗಿದ್ದ ಎಕ್ಸ್‌ರೇಗಳು ನೆಲದ ತುಂಬ ಹರಡಿಕೊಂಡವು.

ಸಹಾಯಕಿ ಸೊಂಟಕ್ಕೆ ಕೈಯಿಟ್ಟು ಎದ್ದು ಬಂದಳು. "ಎಷ್ಟು ಸಲ ಹೇಳೋದು ಸ್ವಾಮಿ? ನಾಯೀನ ಬೆಳಿಗ್ಗೆ ತನ್ನಿ. ಸಂಜೆ ಹೊತ್ತು ತಂದ್ರೆ ಪೇಷೆಂಟುಗಳು ಹೆದರ್ಕೋತಾರೆ."