ಅಗ್ಗದ ಮದ್ದು

ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಕೊಡಗಿನ ಆ ಊರಲ್ಲಿ ಸುದ್ದಿ ಹೇಳುವುದು ಇಂದಿಗೂ ಕೋವಿಯೇ.

ಮೊಣ್ಣಪ್ಪ ಜಗಲಿಯಲ್ಲಿ ಕೂತು ಖಾಲಿ ತೋಟಾಗಳಿಗೆ ಅಗ್ಗದ ಮದ್ದು ತುಂಬುತ್ತಿದ್ದ. ಅದನ್ನು ಕಂಡು ಬೇಲಿಯಾಚೆ ಅವನ ಅಣ್ಣ ಬೋಪಯ್ಯ ಕ್ಯಾಕರಿಸಿ ಉಗುಳಿದ.

"ಇನ್ನೂ ಅದೇ ಕಸ ತುಂಬ್ತಿದ್ದೀಯಾ? ಅವತ್ತು ಬೇಟೇಲಿ ನಿನ್ನ ತೋಟಾ ಹಾರದೇ ಇದ್ದಿದ್ದಕ್ಕೆ ತಾನೇ ಹಂದಿ ನನ್ನ ನಾಯಿ ಹೊಟ್ಟೆ ಬಗೆದದ್ದು?"

"ನಾಯಿ ಸತ್ತು ಆರು ವರ್ಷ ಆಯ್ತು. ನೀನಿನ್ನೂ ಬೊಗಳ್ತಾನೇ ಇದ್ದೀಯಲ್ಲ!"

"ನೀನು ಸತ್ರೂ ನಿನ್ನ ಅಂಗಳಕ್ಕೆ ಕಾಲಿಡಲ್ಲ, ತಿಳ್ಕೋ."

"ಬಂದ್ರೆ ನನ್ನ ಹೆಣಾನೇ ಎದ್ದು ಓಡಿಸುತ್ತೆ. ಹೋಗು."

ಮರುದಿನ ಬೆಳಿಗ್ಗೆ ಮೊಣ್ಣಪ್ಪನಿಗೆ ಆಸ್ಪತ್ರೆಯಿಂದ ಮಗನ ಫೋನು ಬಂತು. ಸೊಸೆ ಗಂಡು ಹೆತ್ತಿದ್ದಳು. ಮೊಣ್ಣಪ್ಪ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು, ಜೋಡಿನಳಿಗೆಯ ಕೋವಿಗೆ ಎರಡು ತೋಟಾ ತುರುಕಿ ಅಂಗಳಕ್ಕೆ ಓಡಿದ. ಮೊದಲನೆಯದು ಟಕ್ಕೆಂದು ಸುಮ್ಮನಾಯಿತು. "ಥೂ, ದರಿದ್ರದ್ದೇ!" ಎಂದು ಬೈದು ಎರಡನೆಯದನ್ನು ಹಾರಿಸಿದ. ಅದರ ಸದ್ದು ಅಡಗುವ ಮೊದಲೇ, ಮುನಿಸಿಕೊಂಡು ಕೂತಿದ್ದ ಮೊದಲನೆಯದೂ ತಾನಾಗಿ ಢಮ್ಮೆಂದಿತು.

ಅವನು ಬೆಪ್ಪಾಗಿ ನಿಂತಿರುವಾಗಲೇ ಬೇಲಿ ಲಟಲಟನೆ ಮುರಿಯಿತು. ಬೋಪಯ್ಯ ಬರಿಗಾಲಲ್ಲಿ, "ಮೊಣ್ಣೂ, ನನ್ನ ಬಿಟ್ಟು ಹೋದ್ಯೇನೋ!" ಎಂದು ಎದೆ ಬಡಿದುಕೊಳ್ಳುತ್ತ ಅಂಗಳಕ್ಕೆ ನುಗ್ಗಿದ. ತಮ್ಮನ ಮುಖ ಕಂಡದ್ದೇ ಗಕ್ಕನೆ ನಿಂತ. ತೋಳಿನಿಂದ ಕಣ್ಣೊರೆಸಿಕೊಂಡು ಹಲ್ಲು ಕಡಿದ.

"ಥೂ! ನೆಟ್ಟಗೆ ಸಾಯೋ ಯೋಗ್ಯತೇನೂ ಇಲ್ವಲ್ಲೋ ನಿಂಗೆ!"